ಪ್ಯಾಸೇಜ್ ಓದದೆಯೇ ಉತ್ತರ ಬರೆಯಬಹುದೇ? ಒಂದು ಸ್ಪಷ್ಟನೆ

‘ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನಲ್ಲಿ ಪ್ಯಾಸೇಜ್ ಓದಬೇಕಿಲ್ಲ, ಪ್ರಶ್ನೆಯಲ್ಲಿರುವ ಪದ ಹುಡುಕಿ, ಆ ಸಾಲು ನಕಲು ಮಾಡಿದರೆ ಪೂರ್ಣ ಅಂಕ’ ಎಂಬ ವಾಟ್ಸಾಪ್ ಸಂದೇಶ ಅರ್ಧ ಸತ್ಯ. ‘ಹೂ’, ‘ವೆನ್’, ‘ವೇರ್’ ಪ್ರಶ್ನೆಗಳಿಗೆ ಅದು ಹಲವು ಬಾರಿ ನಡೆಯುತ್ತದೆ. ‘ವೈ’ ಬಂದರೆ ಕೈಕೊಡುತ್ತದೆ.

ಪ್ಯಾಸೇಜ್ ಹೀಗಿದೆ ಎನ್ನಿ: ‘ರವಿ ಲೆಫ್ಟ್ ಹೋಮ್ ಅರ್ಲಿ. ದ ಬ್ರಿಡ್ಜ್ ವಾಸ್ ಅಂಡರ್ ವಾಟರ್, ಸೋ ಹಿ ರೀಚ್ಡ್ ಸ್ಕೂಲ್ ಅಟ್ ಇಲೆವೆನ್.’ ಪ್ರಶ್ನೆ: ‘ವೈ ವಾಸ್ ರವಿ ಲೇಟ್?’ ‘ಲೇಟ್’ ಎಂಬ ಪದವೇ ಇಲ್ಲ. ‘ರವಿ’ ಇರುವ ಸಾಲು ಇಳಿಸಿದರೆ ಬೇಗ ಹೊರಟ ಎಂದಾಗುತ್ತದೆ, ತೀರಾ ಉಲ್ಟಾ! ಕಾರಣ ಅಡಗಿರುವುದು ‘ಸೋ’ ಪದದ ಹಿಂದೆ. ‘ಬಟ್’, ‘ಸೋ’, ‘ಆಲ್ದೋ’ ಕಂಡಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ.

ಮೊದಲು ಪ್ರಶ್ನೆ ಓದಿ, ಆಮೇಲೆ ಪ್ಯಾಸೇಜ್. ಗೊತ್ತಿಲ್ಲದ ಪದಕ್ಕೆ ನಿಲ್ಲದೆ ಒಮ್ಮೆ ಪೂರ್ತಿ ಓದಿ, ಎರಡನೇ ಸಲ ಉತ್ತರ ಹುಡುಕಿ. ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷದಲ್ಲಿ ಮೊದಲ ಓದು ಮುಗಿಸಬಹುದು. ಕಥೆಗಾರ ‘ಐ’, ‘ಮೈ’ ಎಂದಿದ್ದರೆ ಉತ್ತರದಲ್ಲಿ ‘ಹಿ’, ‘ಹಿಸ್’ ಅಥವಾ ‘ಶಿ’, ‘ಹರ್’ ಆಗಬೇಕು; ನಕಲು ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಪ್ರಶ್ನೆಯಲ್ಲಿ ‘ನಾಟ್’ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.