ತೂಕದ ಚೀಟಿಯನ್ನು ಯಾರೂ ಓದಬೇಡಿ

ಟ್ರ್ಯಾಕ್ಟರ್ ಅಂದ್ರೆ ಏನು ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬರೆದಿಟ್ಟಿದೆ. ಹೊಲದ ಕೆಲಸ ಮಾಡಲಿಕ್ಕೆ, ಟ್ರೇಲರ್ ಕಟ್ಟಿಕೊಂಡು ಬೇಸಾಯದ ಸಾಮಾನು ಸಾಗಿಸಲಿಕ್ಕೆ ಇರುವ ನಾಲ್ಕು ಗಾಲಿಯ ಗಾಡಿ. ಅದರ ಬೆನ್ನಿಗೇ ಇನ್ನೊಂದು ಮಾತೂ ಇದೆ: ಇದು ಸಾರಿಗೆಯೇತರ ವಾಹನ. ಸಾಮಾನು ಸಾಗಿಸುತ್ತೆ, ಆದರೆ ಸಾಗಿಸುವ ವಾಹನ ಅಲ್ಲ. ಇಷ್ಟು ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸಲೀಸು.

ಈ ಸಾರಿಗೆಯೇತರ ವಾಹನವನ್ನು ಕಣ್ಣಾರೆ ನೋಡಬೇಕು ಅಂದ್ರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಕಡೆ ರಾತ್ರಿ ಹೊತ್ತು ಹೋಗಿ. ಮುಂದೆ ಒಂದು ಇಂಜಿನ್, ಹಿಂದೆ ಎರಡು ಟ್ರೇಲರ್, ಮೇಲೆ ಆಕಾಶದವರೆಗೆ ಕಬ್ಬು. ಇಪ್ಪತ್ತು ಟನ್ ಹೇರಿದೆ ಅಂದ್ರೂ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ದಿಬ್ಬ ಬಂದಾಗ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುತ್ತವೆ. ಆಗ ಸ್ಟೇರಿಂಗ್ ಹಿಡಿದರೂ ಒಂದೇ, ಬಿಟ್ಟು ಕೈಮುಗಿದರೂ ಒಂದೇ. ಇದಕ್ಕೂ ಪರಿಹಾರ ಕಂಡುಕೊಂಡಿದ್ದಾರೆ. ಇಬ್ಬರನ್ನು ಬಂಪರ್ ಮೇಲೆ ನಿಲ್ಲಿಸುವುದು.

ಹಿಂದಿನ ಟ್ರೇಲರಿಗೆ ದೀಪ ಇರುವುದಿಲ್ಲ. ಕರೆಂಟಿನ ಕೊರತೆ ಅಂದುಕೊಳ್ಳಬೇಡಿ. ಚಾಲಕನ ತಲೆಯ ಹಿಂದೆ ಎರಡು ದೊಡ್ಡ ಸೌಂಡ್ ಬಾಕ್ಸ್ ಇವೆ, ಅವಕ್ಕೆ ಬಣ್ಣಬಣ್ಣದ ಲೈಟೂ ಇದೆ. ಬ್ಯಾಟರಿಯಿಂದ ಅಲ್ಲಿಯವರೆಗೆ ವೈರು ಎಳೆದವರಿಗೆ ಹಿಂದಿನ ಟ್ರೇಲರ್ ಯಾಕೋ ಬಹಳ ದೂರ ಅನ್ನಿಸಿದೆ. ಪಕ್ಕದ ಊರಿನವರಿಗೆ ಗಾಡಿ ಬರುವುದು ಕಿವಿಗೆ ಗೊತ್ತಾಗುತ್ತೆ. ಹಿಂದಿನಿಂದ ಬೈಕಿನಲ್ಲಿ ಬರುವವನಿಗೆ ಮಾತ್ರ ಗುದ್ದಿದ ಮೇಲೆ ಗೊತ್ತಾಗುತ್ತೆ.

ಹಾಗಂತ ಇಲಾಖೆಗಳು ಸುಮ್ನೆ ಕೂತಿಲ್ಲ. ಹಂಗಾಮು ಶುರುವಾಗುವ ಹೊತ್ತಿಗೆ ಕಾರ್ಖಾನೆಯ ಅಂಗಳದಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ ಇರುತ್ತೆ. ಶಾಮಿಯಾನ, ಬ್ಯಾನರ್, ಹಾರ, ಭಾಷಣ. ಆಮೇಲೆ ದೊಡ್ಡ ಸಾಹೇಬರು ಕೆಂಪು ರಿಫ್ಲೆಕ್ಟರ್ ಪಟ್ಟಿಯ ಬೆನ್ನಿನ ಕಾಗದ ಬಿಡಿಸಿ, ಖಾಲಿ ಟ್ರೇಲರಿನ ಹಿಂಬಾಗಿಲಿಗೆ ಅಂಟಿಸಿ, ಅಂಗೈಯಿಂದ ಗಟ್ಟಿಯಾಗಿ ಒತ್ತುತ್ತಾರೆ. ಫೋಟೊಗಾಗಿ ಇನ್ನೊಂದು ಸಲ ಒತ್ತುತ್ತಾರೆ. ಮರುದಿನ ಪೇಪರಿನಲ್ಲಿ ಬರುತ್ತೆ. ಅಷ್ಟರಲ್ಲಿ ಆ ಟ್ರೇಲರ್ ಹೊಲ ಸೇರಿರುತ್ತೆ. ಕಬ್ಬು ಕಡಿಯುವ ಗ್ಯಾಂಗಿನವರು ಹೇರುತ್ತಾರೆ. ಕಬ್ಬಿನ ತುದಿಗಳು ಹಿಂಬಾಗಿಲ ಆಚೆಗೆ ಮಾರುದ್ದ ಚಾಚುತ್ತವೆ, ರವದಿ, ಅಂದ್ರೆ ಕಬ್ಬಿನ ಒಣ ಗರಿ, ಜೋತುಬೀಳುತ್ತೆ, ಸಾಹೇಬರು ಒತ್ತಿದ ಪಟ್ಟಿ ಅದರೊಳಗೆ ಮುಚ್ಚಿಹೋಗುತ್ತೆ.

“ಪಟ್ಟಿ ಕಾಣಂಗಿಲ್ಲಲ್ಲೋ ತಮ್ಮಾ?” ಅಂತ ಚಾಲಕನನ್ನು ಕೇಳಿ ನೋಡಿ.

“ಖಾಲಿ ಬರೂಮುಂದ ಕಾಣ್ತೈತ್ರಿ ಸಾಹೇಬ್ರ.”

ಈ ಇಡೀ ವ್ಯವಸ್ಥೆಯಲ್ಲಿ ನನಗೆ ಬಲು ಮೆಚ್ಚುಗೆಯಾದದ್ದು ಕಾರ್ಖಾನೆಯ ತೂಕದ ಚೀಟಿ. ಬೇರೆ ಕಡೆ ಓವರ್‌ಲೋಡ್ ಹಿಡಿಯುವುದು ದೊಡ್ಡ ತಲೆನೋವು. ಇನ್‌ಸ್ಪೆಕ್ಟರ್ ರಸ್ತೆಯಲ್ಲಿ ಕಾಯಬೇಕು, ಲಾರಿ ಅಡ್ಡಹಾಕಬೇಕು, ತೂಕದ ಸೇತುವೆ ಹುಡುಕಿಕೊಂಡು ಹೋಗಬೇಕು, ಅಷ್ಟರಲ್ಲಿ ಯಾರದ್ದೋ ಫೋನ್ ಬರುತ್ತೆ. ಕಬ್ಬಿನ ಗಾಡಿಯ ವಿಷಯದಲ್ಲಿ ಅಂಥ ಯಾವ ಕಷ್ಟವೂ ಇಲ್ಲ. ಗಾಡಿ ತಾನಾಗಿಯೇ ಬರುತ್ತೆ. ರಾತ್ರಿಯಿಡೀ ಪಾಳಿಯಲ್ಲಿ ನಿಲ್ಲುತ್ತೆ. ತಾನಾಗಿಯೇ ತೂಕದ ಕಾಟಾ ಹತ್ತುತ್ತೆ. ತುಂಬಿದ ತೂಕ ಎಷ್ಟು, ಖಾಲಿ ತೂಕ ಎಷ್ಟು, ಕಬ್ಬು ಎಷ್ಟು, ಗಾಡಿ ಯಾವುದು, ದಿನ ಯಾವುದು, ಗಂಟೆ ಎಷ್ಟು, ಎಲ್ಲ ಕಂಪ್ಯೂಟರಿನಲ್ಲಿ ಅಚ್ಚಾಗಿ ಬರುತ್ತೆ. ಮಾಡಿದ ಅಪರಾಧಕ್ಕೆ ಅಪರಾಧಿಯೇ ಸಾಲಿನಲ್ಲಿ ನಿಂತು ರಸೀದಿ ತೆಗೆದುಕೊಳ್ಳುವ ವ್ಯವಸ್ಥೆ ಬೇರೆಲ್ಲಾದರೂ ಇದೆಯಾ? ಮೇಲಾಗಿ ಆ ರಸೀದಿಯ ಮೇಲೆ ಹಣವೂ ಸಂದಾಯವಾಗುತ್ತೆ.

2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ಓದಿದರೆ ಎದೆ ನಡುಗುತ್ತೆ. ಹೆಚ್ಚು ತೂಕ ಹೇರಿದರೆ 20,000 ರೂಪಾಯಿ ದಂಡ. ಅದರ ಮೇಲೆ ಹೆಚ್ಚುವರಿಯಾದ ಪ್ರತಿ ಟನ್ನಿಗೆ 2,000. ಸರಕು ಹಿಂದೆ, ಪಕ್ಕಕ್ಕೆ, ಎತ್ತರಕ್ಕೆ ಮಿತಿ ಮೀರಿ ಚಾಚಿದ್ದರೆ ಅದಕ್ಕೂ 20,000. ಓಡಿಸಿದವನಿಗಷ್ಟೇ ಅಲ್ಲ, ಓಡಿಸಲು ಬಿಟ್ಟವನಿಗೂ ಇದು ಅನ್ವಯ. ಜೊತೆಗೆ ಇನ್ನೊಂದು ಷರತ್ತು: ಹೆಚ್ಚಿನ ಸರಕು ಇಳಿಸಿದ ಮೇಲೆಯೇ ಗಾಡಿ ಮುಂದೆ ಹೋಗಬೇಕು. ಈ ಒಂದು ಷರತ್ತನ್ನು ಮಾತ್ರ ನಮ್ಮ ಕಾರ್ಖಾನೆಗಳು ಅಕ್ಷರಶಃ ಪಾಲಿಸುತ್ತಿವೆ. ಹೆಚ್ಚಿನದೇನು, ಕೊನೆಯ ಜಲ್ಲೆಯವರೆಗೆ ಇಳಿಸಿಕೊಂಡೇ ಗಾಡಿ ಬಿಡುತ್ತವೆ.

ಚೀಟಿಯನ್ನು ಯಾರೂ ಓದಲ್ಲ ಅಂತಲೂ ಅಲ್ಲ. ರೈತ ಓದುತ್ತಾನೆ, ಕಾಟಾದಲ್ಲಿ ತೂಕ ಹೊಡೆದಿದ್ದಾರೆ ಅಂತ ಜಗಳ ತೆಗೆಯುತ್ತಾನೆ. ಕಾರ್ಖಾನೆ ಓದುತ್ತೆ. ಬ್ಯಾಂಕು ಓದುತ್ತೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕು ಅಂತ ದಿನಗಟ್ಟಲೆ ಕೂತರು, ಮುಖ್ಯಮಂತ್ರಿಗಳ ಸಭೆಯಲ್ಲಿ 3,300ಕ್ಕೆ ಬಂದು ನಿಂತಿತು. ಟನ್ ಅನ್ನುವುದು ಅಷ್ಟು ದೊಡ್ಡ ವಿಷಯ. ಕಾರ್ಖಾನೆಯ ಗೇಟಿನ ಒಳಗೆ ಒಂದೊಂದು ಕಿಲೋಗೂ ಲೆಕ್ಕ. ಗೇಟಿನ ಹೊರಗಿನ ರಸ್ತೆಯಲ್ಲಿ ಅದೇ ಟನ್ನಿಗೆ ತೂಕವೇ ಇಲ್ಲ.

ಚಾಲಕನನ್ನು ಬೈದು ಪ್ರಯೋಜನ ಇಲ್ಲ ಬಿಡಿ. ಬಾಡಿಗೆ ಟನ್ ಲೆಕ್ಕ, ಡೀಸೆಲ್ ಟ್ರಿಪ್ ಲೆಕ್ಕ. ಗ್ಯಾಂಗಿಗೆ ಮುಂಗಡ ಕೊಟ್ಟಾಗಿದೆ, ಟ್ರ್ಯಾಕ್ಟರಿನ ಕಂತು ಬಾಕಿ ಇದೆ, ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತೆ. ಅರ್ಧ ಟ್ರೇಲರ್ ಹೇರಿಕೊಂಡು ಕಾನೂನು ಪಾಲಿಸಿದವನು ಮುಂದಿನ ವರ್ಷ ಟ್ರ್ಯಾಕ್ಟರ್ ಮಾರಿಕೊಂಡಿರುತ್ತಾನೆ.

ಹಂಗಾಮು ಮುಗಿದರೆ ಮದುವೆ, ಜಾತ್ರೆ. ಅದೇ ಟ್ರೇಲರ್ ತೊಳೆದು, ಹುಲ್ಲು ಹಾಸಿ, ಮೇಲೊಂದು ಜಮಖಾನ ಹಾಕಿದರೆ ದಿಬ್ಬಣದ ಬಸ್ಸು ರೆಡಿ. ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಸೀಟು, ಅದು ಚಾಲಕನದು. ಬೇರೆ ಯಾರನ್ನೂ ಕೂರಿಸುವಂತಿಲ್ಲ ಅನ್ನುತ್ತೆ ನಿಯಮ. ಆದರೆ ಎರಡು ಕಡೆ ಮಡ್‌ಗಾರ್ಡ್ ಇದೆಯಲ್ಲ, ಒಂದರ ಮೇಲೆ ಸೋದರಮಾವ, ಇನ್ನೊಂದರ ಮೇಲೆ ಅವರ ಮಗ. ಹುಡುಗನ ಕೈಗೆ ಹಿಡಿದುಕೊಳ್ಳಲು ಸಿಗುವುದು ಅಪ್ಪನ ಅಂಗಿಯ ತುದಿಯೂ ಅಲ್ಲ, ತಗಡಿನ ಅಂಚು. ಕೆಳಗೆ ಅವನಷ್ಟೇ ಎತ್ತರದ ಗಾಲಿ ತಿರುಗುತ್ತಿರುತ್ತೆ. ಬಿದ್ದರೆ ವಿಮಾ ಕಂಪನಿಯ ವಕೀಲರು ಕೋರ್ಟಿನಲ್ಲಿ ಬಹಳ ಸರಳವಾಗಿ ಕೇಳುತ್ತಾರೆ: ಸ್ವಾಮಿ, ಮದುವೆಗೆ ಹೋಗುವುದು ಬೇಸಾಯದ ಕೆಲಸವೇ? ಇಪ್ಪತ್ತು ಟನ್ ಹೇರುವಾಗ ಯಾರಿಗೂ ನೆನಪಾಗದ ಕಾಯ್ದೆ ಆಗ ಕಲಂ ಸಮೇತ ನೆನಪಾಗುತ್ತೆ.

ಬೆಂಗಳೂರಿನವರು ನಗಬೇಕಾಗಿಲ್ಲ. ಎಂಟನೇ ಮಹಡಿಯಲ್ಲಿ ಸ್ನಾನಕ್ಕೆ ನೀರು ಬರುತ್ತಿರುವುದೂ ಎಷ್ಟೋ ಕಡೆ ಇದೇ ಸಾರಿಗೆಯೇತರ ವಾಹನದ ಹಿಂದೆ ಕಟ್ಟಿದ ಟ್ಯಾಂಕರಿನಿಂದ. ಅಪಾರ್ಟ್‌ಮೆಂಟಿನ ಸಂಪನ್ನು ಕೃಷಿ ಹೊಂಡ ಅಂತ ತಿಳಿದುಕೊಂಡರೆ ಎಲ್ಲವೂ ಕಾನೂನಿನ ಪ್ರಕಾರವೇ ನಡೆಯುತ್ತಿದೆ. ಇನ್ನು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕ್, ಆಟೊ, ಟ್ರ್ಯಾಕ್ಟರ್ ಬರುವಂತಿಲ್ಲ. ಜೋರು ಹೋಗುವ ಕಾರಿನ ನಡುವೆ ನಿಧಾನದ ಗಾಡಿ ಅಪಾಯ, ಸರಿಯಾದ ಮಾತೇ. ಹಾಗಾಗಿ ಅಪಾಯವನ್ನು ಸರ್ವಿಸ್ ರಸ್ತೆಗೆ ಇಳಿಸಿದ್ದಾರೆ. ಮಂಡ್ಯದ ಕಬ್ಬಿನ ಗಾಡಿ, ಶಾಲೆಯ ಮಕ್ಕಳು, ಮೊಪೆಡ್, ಎಮ್ಮೆ, ಎಲ್ಲ ಈಗ ಅಲ್ಲಿ ಒಟ್ಟಿಗೆ. ಟೋಲ್ ಕಟ್ಟಿದವರು ಸೇಫು.

ದೂರು ಕೊಡಬೇಕು ಅನ್ನಿಸಿದರೆ ಅದಕ್ಕೂ ದಾರಿ ಇದೆ. ಟ್ರೇಲರಿನ ಪಕ್ಕದಲ್ಲಿ ಅದರದೇ ನಂಬರು, ಕೊನೆಯ ಟ್ರೇಲರಿನ ಹಿಂದೆ ಎಳೆಯುವ ಇಂಜಿನ್ನಿನ ನಂಬರು ಇರಲೇಬೇಕು ಅಂತ 1988ರ ಕಾಯ್ದೆ ಹೇಳುತ್ತೆ. ರಾತ್ರಿ ಕತ್ತಲಲ್ಲಿ ಗುದ್ದಿಕೊಂಡು, ಮೊಣಕಾಲು ಕೆತ್ತಿಸಿಕೊಂಡು ಠಾಣೆಗೆ ಹೋದವನ ಕಥೆ ಹೀಗೆ ನಡೆಯುತ್ತೆ ಅಂದುಕೊಳ್ಳಿ.

“ನಂಬರ್ ಏನಿತ್ತ್ರೀ?”

“ನಂಬರ್ ಇರಲಿಲ್ರೀ. ಹಿಂದೆ ‘ಅವ್ವನ ಆಶೀರ್ವಾದ’ ಅಂತ ಬರೆದಿತ್ತು.”

“ಅವ್ವನ ಆಶೀರ್ವಾದ ಈ ತಾಲ್ಲೂಕಿನ್ಯಾಗ ನೂರಾರು ಅದಾವ್ರಿ. ನಿಮಗ ಯಾವುದು ಬಡದೈತಿ?”

“ಒಳಗೆ ಹಾಡು ಜೋರಾಗಿತ್ತು ಸರ್.”

“ಎಲ್ಲಾದ್ರಾಗೂ ಜೋರ ಇರ್ತೈತ್ರಿ. ಅದ ಇರ್ಲಿ, ನಿಮ್ಮ ಹೆಲ್ಮೆಟ್ ಎಲ್ಲೈತಿ?”