ಲಯ ತಪ್ಪಿದರೆ ಲಯ

ಒತ್ತಬೇಕಾದದ್ದು ಒಂದೇ ಒಂದು ಕೀ. ಅದೂ ಯಾವುದಾದರೂ ಆದೀತು. ನನ್ನ ಬೆರಳಿನ ಗುರಿಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿರುವುದರಿಂದ ಎಲ್ಲಕ್ಕಿಂತ ಅಗಲವಾದ ಸ್ಪೇಸ್ ಬಾರನ್ನೇ ಆರಿಸಿಕೊಂಡೆ. ತೆರೆಯ ಮೇಲೆ ಎರಡು ಗುಂಡುಗಳು, ಒಂದು ಬೆಂಕಿಯದು, ಇನ್ನೊಂದು ಮಂಜಿನದು. ಒಂದು ನಿಂತಲ್ಲೇ ನಿಂತರೆ ಇನ್ನೊಂದು ಅದರ ಸುತ್ತ ತಿರುಗುತ್ತದೆ. ತಿರುಗುವ ಗುಂಡು ದಾರಿಯ ಮುಂದಿನ ಚೌಕದ ಮೇಲೆ ಬಂದಾಗ ಸರಿಯಾಗಿ ಕೀ ಒತ್ತಿದರೆ ಅದು ಅಲ್ಲಿ ಕಾಲೂರುತ್ತದೆ, ಇಷ್ಟು ಹೊತ್ತು ನಿಂತಿದ್ದದ್ದು ತಿರುಗಲು ಹೊರಡುತ್ತದೆ. ಹೀಗೆ ಒಂದನ್ನೊಂದು ಎಳೆದುಕೊಂಡು, ಹಾಡಿನ ಬೀಟಿಗೆ ತಕ್ಕಂತೆ, ದಾರಿ ಮುಗಿಸಬೇಕು. ಇಷ್ಟೇ ಆಟ. ವಿವರಿಸಲು ಅರ್ಧ ನಿಮಿಷ ಸಾಕು. ಒಂದು ಲೆವೆಲ್ ದಾಟಲು ನನಗೆ ಮೂರು ವಾರ ಬೇಕಾಯಿತು.

ಆಟದ ಹೆಸರು ‘ಎ ಡಾನ್ಸ್ ಆಫ್ ಫೈರ್ ಅಂಡ್ ಐಸ್’, ಸೆವೆಂತ್ ಬೀಟ್ ಗೇಮ್ಸ್ ಎಂಬ ತಂಡದ್ದು. 2019ರಲ್ಲಿ ಮೈದುಂಬಿಕೊಂಡು, ಕಾಸು ಕೊಟ್ಟು ಕೊಳ್ಳುವ ಆಟವಾಗಿ ಹೊರಬಂತು. ನಾನು ಸಿಕ್ಕಿಬಿದ್ದದ್ದು ಬ್ರೌಸರಿನಲ್ಲಿ ಪುಕ್ಕಟೆ ತೆರೆದುಕೊಳ್ಳುವ ಅದರ ಪುಟ್ಟ ರೂಪಕ್ಕೆ. ಆಫೀಸಿನ ಮೇಲ್ ಒಂದು ಟ್ಯಾಬಿನಲ್ಲಿ, ಇದು ಪಕ್ಕದ ಟ್ಯಾಬಿನಲ್ಲಿ. ಚಟಗಳು ಇಷ್ಟು ಹತ್ತಿರ ಬಂದು ಕೂರಬಾರದು.

ಒಂದು ಹೆಜ್ಜೆ ತಪ್ಪಿತೋ, ಕಥೆ ಮುಗಿಯಿತು. ಗುಂಡು ಸಿಡಿಯುತ್ತದೆ, ದಾರಿಯಲ್ಲಿ ಶೇಕಡಾ ಎಷ್ಟು ಮುಗಿಸಿದೆ ಎಂಬ ಲೆಕ್ಕ ಮೂಡುತ್ತದೆ, ಮತ್ತೆ ಮೊದಲಿನಿಂದ. ಕನ್ನಡದಲ್ಲಿ ತಾಳದ ನಡೆಗೂ ‘ಲಯ’, ಲೋಕವೇ ಮುಳುಗಿಹೋಗುವುದಕ್ಕೂ ‘ಲಯ’. ಎರಡಕ್ಕೂ ಒಂದೇ ಪದ ಯಾಕೆ ಎಂದು ಹಿಂದೆ ಒಮ್ಮೆ ತಲೆ ಕೆಡಿಸಿಕೊಂಡಿದ್ದೆ. ಈಗ ಆ ಅನುಮಾನ ದಿನಕ್ಕೆ ನಲವತ್ತು ಸಲ ಬಗೆಹರಿಯುತ್ತದೆ.

ದಾರಿ ಡೊಂಕಾದಂತೆಲ್ಲ ಆಟದ ತುಂಟತನ ಶುರು. ಗುಂಡು 180 ಡಿಗ್ರಿ, ಅಂದರೆ ಅರ್ಧ ಸುತ್ತು ತಿರುಗಲು ಒಂದು ಬೀಟ್ ಹಿಡಿಯುತ್ತದೆ. ಹಾಗಾಗಿ ನೇರ ದಾರಿಯಲ್ಲಿ ಬೀಟಿಗೊಂದು ಏಟು, ಮಗುವಿಗೂ ಸಾಧ್ಯ. ದಾರಿ ಲಂಬವಾಗಿ ಒಂದು ಕಡೆಗೆ ಮುರಿದರೆ 90 ಡಿಗ್ರಿ, ಅರ್ಧ ಬೀಟ್. ಇನ್ನೊಂದು ಕಡೆಗೆ ಮುರಿದರೆ 270, ಒಂದೂವರೆ ಬೀಟ್. ಮೆಟ್ಟಿಲಿನಂಥ ದಾರಿ ಬಂದರೆ ಅರ್ಧ, ಒಂದೂವರೆ, ಅರ್ಧ, ಒಂದೂವರೆ ಎಂದು ಕುಂಟಿಕೊಂಡು ಹೋಗಬೇಕು. ಚೂಪಾದ 60 ಡಿಗ್ರಿ ಮೂಲೆಗಳು ಬಂದರಂತೂ ಬೀಟಿನ ಮೂರನೇ ಒಂದು ಪಾಲು, ತಕಿಟ, ತಕಿಟ. ಶಾಲೆಯಲ್ಲಿ ಕೋನಮಾಪಕವನ್ನು ಚಂದ್ರ ಬರೆಯುವುದಕ್ಕಷ್ಟೇ ಬಳಸಿದ್ದ ನಾನು, ಅದರಿಂದ ಹಾಡನ್ನೂ ಅಳೆಯಬಹುದು ಎಂದು ಇಷ್ಟು ತಡವಾಗಿ ಕಲಿತೆ.

ಮೊದಲ ಎರಡು ದಿನ ಬೆರಳನ್ನು ಬೈದುಕೊಂಡದ್ದೇ ಆಯಿತು. ತಪ್ಪು ಬೆರಳಿನದಾಗಿರಲಿಲ್ಲ. ನಾನು ಹಾಕಿಕೊಂಡಿದ್ದದ್ದು ಬ್ಲೂಟೂತ್ ಇಯರ್‌ಫೋನ್. ತಂತಿಯಿಲ್ಲದ ಇಯರ್‌ಫೋನಿನಲ್ಲಿ ಸದ್ದು ಕಿವಿ ಸೇರುವಷ್ಟರಲ್ಲಿ 100ರಿಂದ 200 ಮಿಲಿಸೆಕೆಂಡ್ ತಡವಾಗುವುದುಂಟು. ಸಿನಿಮಾ ನೋಡುವಾಗ ಪ್ಲೇಯರೇ ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಆಟದಲ್ಲಿ ಹಾಗಾಗದು, ಕೀ ಒತ್ತುವವನು ನಾನು. ನಿಮಿಷಕ್ಕೆ 150 ಬೀಟಿನ ಹಾಡಿನಲ್ಲಿ ಒಂದು ಬೀಟ್ 400 ಮಿಲಿಸೆಕೆಂಡ್, ಅರ್ಧ ಬೀಟ್ ಅಂದರೆ 200. ಅಲ್ಲಿಗೆ, ನಾನು ಎಷ್ಟೇ ಶ್ರದ್ಧೆಯಿಂದ ಒತ್ತಿದರೂ ಕಾಲೋ ಅರ್ಧವೋ ಬೀಟ್ ಹಿಂದೆ, ಮೆರವಣಿಗೆ ಹೋದ ಮೇಲೆ ಚಪ್ಪಾಳೆ ತಟ್ಟುವವನ ಹಾಗೆ. ಮೇಜಿನ ಖಾನೆಯಲ್ಲಿ ಗಂಟುಬಿದ್ದಿದ್ದ ಹಳೆಯ ತಂತಿಯ ಇಯರ್‌ಫೋನನ್ನು ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಅವತ್ತೇ ಶೇಕಡಾ 9ರಿಂದ 31ಕ್ಕೆ ಜಿಗಿದೆ.

31ರಲ್ಲಿ ಒಂದು ವಾರ ಕೂತೆ.

ಅಲ್ಲಿಂದ ಎತ್ತಿದವಳು ಹೆಂಡತಿ, ಅದೂ ಆಟವನ್ನು ಒಮ್ಮೆಯೂ ನೋಡದೆ. ಹಾಡು ನನ್ನ ಕಿವಿಯೊಳಗೆ. ಪಕ್ಕದ ಕೋಣೆಯಲ್ಲಿ ಓದುತ್ತ ಕೂತವಳಿಗೆ ಕೇಳುವುದು ಸ್ಪೇಸ್ ಬಾರಿನ ಟಕಟಕ ಮಾತ್ರ. ದಿನಾ ಸಂಜೆ ಅದೇ ಟಕಟಕ, ಅದೇ ಜಾಗದಲ್ಲಿ ಮೌನ, ಒಂದು ನಿಟ್ಟುಸಿರು, ಮತ್ತೆ ಟಕಟಕ. ಒಂದು ದಿನ ಅಲ್ಲಿಂದಲೇ ಹೇಳಿದಳು: “ರೀ, ಆ ಜಾಗ ಹತ್ರ ಬರ್ತಿದ್ದ ಹಾಗೆ ಓಡೋಕೆ ಶುರು ಮಾಡ್ತೀರಿ ನೀವು.” ನನಗೆ ಸಿಟ್ಟು ಬಂತು. ಹಾಡೇ ಕೇಳದವಳು ತಾಳದ ತೀರ್ಪು ಕೊಡುವುದೇ? ಆಮೇಲೆ ಯೋಚಿಸಿದೆ: ಹಾಡು ಕೇಳದ ಕಾರಣಕ್ಕೇ ಅವಳಿಗೆ ನನ್ನ ಕೈ ಕೇಳಿಸುತ್ತಿದೆ. ನನಗೆ ಹಾಡು ಕೇಳುತ್ತದೆ, ಆದ್ದರಿಂದ ನನ್ನ ಕೈಯೂ ಅದರ ಜೊತೆಯಲ್ಲೇ ಇದೆ ಎಂದುಕೊಂಡಿದ್ದೇನೆ.

ಇದು ನನ್ನೊಬ್ಬನ ಖಾಯಿಲೆಯೂ ಅಲ್ಲವಂತೆ. ತಾಳ ಹಿಡಿದು ತೋರಿಸುವ ಯಂತ್ರ ಮೆಟ್ರೊನೋಮಿನ ಟಿಕ್‌ಟಿಕ್ಕಿಗೆ ಬೆರಳು ತಟ್ಟಿ ಎಂದು ಕೂರಿಸಿದರೆ ಹೆಚ್ಚಿನವರು ಟಿಕ್ಕಿಗಿಂತ ಹತ್ತಾರು ಮಿಲಿಸೆಕೆಂಡು ಮೊದಲೇ ತಟ್ಟುತ್ತಾರೆ, ತಾವು ಸರಿಯಾಗಿಯೇ ತಟ್ಟಿದೆವೆಂದು ನಂಬಿರುತ್ತಾರೆ. ಸಂಗೀತಗಾರರಲ್ಲಿ ಈ ಅವಸರ ಕಡಿಮೆ.

ಹಾಗೆಂದು ಕಾದು ನೋಡಿ ಒತ್ತೋಣವೆಂದರೆ ಅದೂ ಆಗದು. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಅರ್ಧ ಬೀಟಿಗೆ ಇರುವುದೇ 200. ಗುಂಡು ಚೌಕದ ಮೇಲೆ ಬಂದದ್ದನ್ನು ಕಂಡು ಒತ್ತುವವನು ಒತ್ತುವ ಹೊತ್ತಿಗೆ ಗುಂಡು ಅಲ್ಲಿರುವುದಿಲ್ಲ. ಅಷ್ಟು ದಿನ ನಾನು ಮಾಡುತ್ತಿದ್ದದ್ದು ಇದನ್ನೇ: ಕಣ್ಣು ಕಿರಿದು ಮಾಡಿಕೊಂಡು, ತೆರೆಗೆ ಮೂಗು ತಾಗಿಸಿಕೊಂಡು, ಬೆಕ್ಕು ಇಲಿಯ ಬಿಲ ಕಾಯುವಂತೆ ಕಾಯುವುದು. ಚೆನ್ನಾಗಿ ಆಡಬೇಕಾದರೆ ನೋಡುವುದನ್ನು ಕಡಿಮೆ ಮಾಡಬೇಕು ಎನ್ನುವುದು ತೆರೆಯ ಮೇಲಿನ ಆಟಕ್ಕೆ ವಿಚಿತ್ರ ನಿಯಮ. ದಾರಿಯನ್ನು ಒಮ್ಮೆ ಬಾಯಿಪಾಠ ಮಾಡಿಕೊಂಡು, ಕಂಪ್ಯೂಟರ್ ಮುಚ್ಚಿಟ್ಟು, ಮೇಜಿನ ಮೇಲೆ ಬೆರಳಿನಿಂದ ನಿಧಾನಕ್ಕೆ ತಟ್ಟತೊಡಗಿದೆ. ಬಸ್ಸಿನಲ್ಲಿ ತೊಡೆಯ ಮೇಲೆ, ಮೀಟಿಂಗಿನಲ್ಲಿ ಮೇಜಿನ ಕೆಳಗೆ. ಒಮ್ಮೆ ಮ್ಯಾನೇಜರ್ ಮಾತು ನಿಲ್ಲಿಸಿ ನನ್ನತ್ತ ನೋಡಿದರು. ತಕಿಟ ಸ್ವಲ್ಪ ಜೋರಾಗಿತ್ತು.

ರಾತ್ರಿ ಎಷ್ಟು ತಿಣುಕಿದರೂ ಬಾರದ ಮೆಟ್ಟಿಲು ಬೆಳಗಾಗುವಷ್ಟರಲ್ಲಿ ತಾನಾಗಿ ಬರುತ್ತಿತ್ತು. ಕೈಗೆ ಕಲಿಸಿದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ ಎನ್ನುತ್ತಾರೆ ತಿಳಿದವರು. ಮಧ್ಯರಾತ್ರಿ ದಾಟಿದ ಮೇಲೆ ಆಡಿದ ಆಟಗಳೆಲ್ಲ ದಂಡ ಎಂದು ಇದರಿಂದ ನನಗೆ ಖಚಿತವಾಯಿತು. ಆಡುವುದನ್ನು ಬಿಟ್ಟೆನೇ? ಅದು ಬೇರೆ ಮಾತು.

ಕಡೆಗೆ 97. ಆ ಅಂಕಿಯ ಬಗ್ಗೆ ಹೆಚ್ಚು ಬರೆಯಲಾರೆ. ದಾರಿಯ ತುದಿ ಕಂಡಿತು, ಮನಸ್ಸು ಎದ್ದು ನಿಂತು ಶಾಲು ಹೊದೆಸಿಕೊಳ್ಳಲು ಅಣಿಯಾಯಿತು, ಬೆರಳು ಅದನ್ನು ನೋಡಲು ಹೋಯಿತು. ಮೂರು ದಿನ ಆ ಟ್ಯಾಬ್ ತೆರೆಯಲಿಲ್ಲ.

ನಾಲ್ಕನೆಯ ದಿನ ಮುಗಿಯಿತು. ಎಲ್ಲಿ ಹೇಗೆ ಮುಗಿಯಿತೆಂದು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇಲ್ಲ; ಯಾವುದೋ ಬಿಲ್ ಕಟ್ಟುವುದು ಮರೆತೆನಲ್ಲ ಎಂದು ಯೋಚಿಸುತ್ತಿದ್ದೆ, ಕೊನೆಯ ಚೌಕದ ಮೇಲೆ ಗುಂಡು ಕೂತಿತ್ತು. ಕೈ ಎತ್ತಿ ಸುಮ್ಮನೆ ಕೂತೆ.

ಪಕ್ಕದ ಕೋಣೆಯಿಂದ, “ಮತ್ತೆ ಹೋಯ್ತಾ?”

ಪಾಪ, ಅವಳಿಗೆ ಸೋಲೂ ಗೆಲುವೂ ಕೇಳಿಸುವುದು ಒಂದೇ ಥರದ ಮೌನವಾಗಿ.

“ಇಲ್ಲ ಕಣೇ. ಆಯ್ತು!”

ಪುಸ್ತಕ ಮಗುಚಿಟ್ಟ ಸದ್ದು. “ಹೌದಾ! ನಾನು ಸರಿಯಾಗಿ ಕೇಳಿಸ್ಕೊಳ್ಳಲೇ ಇಲ್ಲ. ಇನ್ನೊಂದ್ಸಲ ಹೊಡೀರಿ, ನೋಡೋಣ.”

ಹೊಡೆದೆ. ಶೇಕಡಾ 12.