ಪ್ರವಾಸೋದ್ಯಮದ ತಂತ್ರಜ್ಞಾನ: ನಾಯಕತ್ವದಲ್ಲಿ ಮಹಿಳೆಯರಿಗೆ ಮೀಸಲು ಬೇಕೇ?

ಬುಕಿಂಗ್ ಜಾಲತಾಣಗಳು, ವಿಮಾನಯಾನ ಸಂಸ್ಥೆಗಳು, ಹೋಟೆಲ್ ಸಾಫ್ಟ್‌ವೇರ್ ಕಂಪನಿಗಳು. ಇವುಗಳ ತಂತ್ರಜ್ಞಾನ ವಿಭಾಗದ ಉನ್ನತ ಹುದ್ದೆಗಳಲ್ಲಿ ಇಂತಿಷ್ಟು ಮಹಿಳೆಯರಿಗೇ ಎಂದು ನಿಯಮ ಮಾಡಬೇಕೇ? ಎರಡು ಅಭಿಪ್ರಾಯಗಳು ಇಲ್ಲಿವೆ.

ಪರ: ಕೆಲಸ ಬಲ್ಲವರ ಕೈಗೆ ನಿರ್ಧಾರ ಬರಲಿ

ಪ್ರವಾಸೋದ್ಯಮ ನಡೆಯುತ್ತಿರುವುದೇ ಹೆಣ್ಣುಮಕ್ಕಳ ದುಡಿಮೆಯಿಂದ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2019ರಲ್ಲಿ ಹೊರತಂದ ವರದಿಯ ಪ್ರಕಾರ ಈ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಶೇ 54ರಷ್ಟು ಮಂದಿ ಮಹಿಳೆಯರು. ಒಟ್ಟಾರೆ ಉದ್ಯೋಗರಂಗದಲ್ಲಿ ಅವರ ಪಾಲು ಶೇ 39 ಮಾತ್ರ. ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತದೆ: ಇಲ್ಲಿ ಮಹಿಳೆಯರ ಗಳಿಕೆ ಪುರುಷರದ್ದಕ್ಕಿಂತ ಶೇ 14.7ರಷ್ಟು ಕಡಿಮೆ. ಕೋಣೆ ಗುಡಿಸುವಲ್ಲಿ, ರಿಸೆಪ್ಷನ್‌ನಲ್ಲಿ, ವಿಮಾನದ ಕ್ಯಾಬಿನ್‌ನಲ್ಲಿ, ಗ್ರಾಹಕರ ದೂರು ಕೇಳುವ ಫೋನಿನ ಮುಂದೆ ಅವರಿದ್ದಾರೆ. ಆ ಕೆಲಸವನ್ನೆಲ್ಲ ನಿಯಂತ್ರಿಸುವ ಸಾಫ್ಟ್‌ವೇರ್ ಹೇಗಿರಬೇಕು ಎಂದು ತೀರ್ಮಾನಿಸುವ ಕೋಣೆಯಲ್ಲಿ ಅವರು ತೀರಾ ವಿರಳ.

ಇದರ ಫಲ ಎಲ್ಲರ ಕಣ್ಣೆದುರಿಗಿದೆ. ಬುಕಿಂಗ್ ಆ್ಯಪ್‌ನಲ್ಲಿ ಈಜುಕೊಳ, ಬೆಳಗಿನ ಉಪಾಹಾರ, ಸ್ಟಾರ್‌ಗಳ ಲೆಕ್ಕದಲ್ಲಿ ಹೋಟೆಲ್ ಹುಡುಕಬಹುದು. ರಾತ್ರಿ ತಡವಾಗಿ ಒಬ್ಬಳೇ ಬಂದಿಳಿಯುವವಳಿಗೆ ಬೇಕಾದ ಮಾಹಿತಿ ಬೇರೆ: ನಿಲ್ದಾಣದಿಂದ ಹೋಟೆಲ್‌ವರೆಗಿನ ದಾರಿಯಲ್ಲಿ ಬೆಳಕಿದೆಯೇ, ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕವಿದೆಯೇ, ಕೌಂಟರಿನಲ್ಲಿ ಕೋಣೆಯ ನಂಬರನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಾರೆಯೇ. ಈ ಪ್ರಶ್ನೆಗಳು ಹೊಳೆಯಲು ವಿಶೇಷ ಬುದ್ಧಿಯೇನೂ ಬೇಡ, ಹಾಗೆ ಒಬ್ಬಳೇ ಓಡಾಡಿದ ಅನುಭವ ಸಾಕು.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ವಾಣಿಜ್ಯ ತಂತ್ರಾಂಶಗಳನ್ನು ಸಂಶೋಧಕಿಯರಾದ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪರೀಕ್ಷಿಸಿದರು. ಬಿಳಿ ಮೈಬಣ್ಣದ ಪುರುಷರ ವಿಷಯದಲ್ಲಿ ತಪ್ಪು ಶೇ 0.8 ಮೀರಲಿಲ್ಲ. ಕಪ್ಪು ಮೈಬಣ್ಣದ ಮಹಿಳೆಯರ ವಿಷಯದಲ್ಲಿ ಅದು ಶೇ 34.7ರವರೆಗೂ ಹೋಯಿತು. ವಿಮಾನ ನಿಲ್ದಾಣಗಳು ಪ್ರಯಾಣಿಕರ ಮುಖವನ್ನೇ ಬೋರ್ಡಿಂಗ್ ಪಾಸ್ ಮಾಡಿಕೊಳ್ಳುತ್ತಿರುವ ಕಾಲದಲ್ಲಿ ಈ ಅಂಕಿ ದಿಗಿಲು ಹುಟ್ಟಿಸಬೇಕು. ದೋಷವನ್ನು ಪತ್ತೆ ಹಚ್ಚಿದವರು ಇಬ್ಬರು ಕಪ್ಪು ಮಹಿಳೆಯರು ಎಂಬುದು ಆಕಸ್ಮಿಕವಲ್ಲ.

ಕಾಲ ಕಳೆದಂತೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಎಷ್ಟು ಕಾಲ? ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಟಿಎ ಹುಟ್ಟಿದ್ದು 1945ರಲ್ಲಿ. ಅದರ ಆಡಳಿತ ಮಂಡಳಿಗೆ ಮೊದಲ ಅಧ್ಯಕ್ಷೆಯಾಗಿ ರುವಾಂಡ್‌ಏರ್‌ನ ಇವಾನ್ ಮಂಜಿ ಮಕೊಲೊ ಬಂದದ್ದು 2023ರಲ್ಲಿ. ಮಿತ್ಸುಕೊ ತೊತ್ತೋರಿ 1985ರಲ್ಲಿ ಗಗನಸಖಿಯಾಗಿ ಕೆಲಸಕ್ಕೆ ಸೇರಿ, ಜಪಾನ್ ಏರ್‌ಲೈನ್ಸ್‌ನ ಅಧ್ಯಕ್ಷೆಯಾದದ್ದು 2024ರಲ್ಲಿ. ಇಬ್ಬರ ಸಾಧನೆಯೂ ದೊಡ್ಡದು. ಆದರೆ ಸಂಸ್ಥೆಯೊಂದು 78 ವರ್ಷ ಕಾಯಬೇಕಾಯಿತು ಎಂದರೆ ಅದನ್ನು ಸಹಜ ಬೆಳವಣಿಗೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಅವಕಾಶ ಸಿಕ್ಕಿದ ಕಡೆ ಏನಾಯಿತು ಎಂಬುದೂ ಗೊತ್ತಿದೆ. ಮಾರ್ಥಾ ಲೇನ್ ಫಾಕ್ಸ್ 1998ರಲ್ಲೇ ಬ್ರೆಂಟ್ ಹೋಬರ್‌ಮನ್ ಜತೆ ಲಾಸ್ಟ್‌ಮಿನಿಟ್.ಕಾಮ್ ಎಂಬ ಪ್ರವಾಸ ಬುಕಿಂಗ್ ಜಾಲತಾಣ ಕಟ್ಟಿದರು. 2016ರಿಂದ ಚೀನಾದ ಪ್ರವಾಸ ಬುಕಿಂಗ್ ಕಂಪನಿ ಟ್ರಿಪ್.ಕಾಮ್ ಸಮೂಹದ ಸಿಇಒ ಆಗಿರುವ ಜೇನ್ ಸುನ್ ಅವರ ಕಂಪನಿ, ಮಗು ಹೆತ್ತ ಉದ್ಯೋಗಿಗಳಿಗೆ ಪ್ರತಿ ಮಗುವಿಗೆ ವರ್ಷಕ್ಕೆ 10,000 ಯುವಾನ್‌ನಂತೆ ಐದು ವರ್ಷ ಕೊಡುವುದಾಗಿ 2023ರಲ್ಲಿ ಘೋಷಿಸಿತು. ಹೆರಿಗೆಯ ನಂತರ ಕೋಡ್ ಬರೆಯುವ ಎಷ್ಟೋ ಕೈಗಳು ಕೆಲಸ ಬಿಡುವ ಉದ್ಯಮದಲ್ಲಿ ಇದು ಬರೀ ಔದಾರ್ಯವಲ್ಲ, ವ್ಯವಹಾರದ ತಿಳಿವಳಿಕೆ.

ಆದ್ದರಿಂದ ನಿಯಮ ಬೇಕು. ಅದೂ ಮಾನವ ಸಂಪನ್ಮೂಲ, ಪ್ರಚಾರ ವಿಭಾಗಗಳ ಹುದ್ದೆಗಳನ್ನು ಸೇರಿಸಿ ಲೆಕ್ಕ ತುಂಬಿಸುವಂಥದ್ದಲ್ಲ. ಉತ್ಪನ್ನ, ಎಂಜಿನಿಯರಿಂಗ್, ದತ್ತಾಂಶ, ಈ ಮೂರು ವಿಭಾಗಗಳ ಮುಖ್ಯಸ್ಥರ ಪಟ್ಟಿಗೇ ಅನ್ವಯಿಸುವ ನಿಯಮ.

ವಿರೋಧ: ಬದಲಾವಣೆ ಬಂದದ್ದು ಕೆಳಗಿನಿಂದ

ಕೊರತೆಯ ಬಗ್ಗೆ ನನಗೂ ತಕರಾರಿಲ್ಲ. ಶೇ 14.7ರ ವೇತನದ ಅಂತರ ನನ್ನನ್ನೂ ಕೆರಳಿಸುತ್ತದೆ. ನನ್ನ ವಿರೋಧ ಇರುವುದು ಔಷಧಕ್ಕೆ, ಕಾಯಿಲೆಯೇ ಇಲ್ಲ ಎಂಬುದು ನನ್ನ ವಾದವಲ್ಲ.

ಕಳೆದ ದಶಕದಲ್ಲಿ ಹೋಟೆಲುಗಳಲ್ಲಿ ದುಡಿಯುವ ಮಹಿಳೆಯರನ್ನು ನೇರವಾಗಿ ಕಾಪಾಡಿದ ತಂತ್ರಜ್ಞಾನ ಯಾವುದು? ನನ್ನ ಉತ್ತರ, ಪ್ಯಾನಿಕ್ ಬಟನ್. ಮುಚ್ಚಿದ ಕೋಣೆಯಲ್ಲಿ ಅತಿಥಿಯೊಬ್ಬ ಮೈಮೇಲೆ ಬಿದ್ದರೆ ಕೋಣೆ ಸ್ವಚ್ಛ ಮಾಡುವಾಕೆ ಒತ್ತುವ ಪುಟ್ಟ ಸಾಧನ ಅದು. ಸಿಯಾಟಲ್ ನಗರದ ಮತದಾರರು 2016ರಲ್ಲಿ ಅದನ್ನು ಕಡ್ಡಾಯ ಮಾಡಿದರು. 2017ರಲ್ಲಿ ಷಿಕಾಗೊ ಅದೇ ಹಾದಿ ಹಿಡಿಯಿತು. 2018ರಲ್ಲಿ ಅಮೆರಿಕದ ದೊಡ್ಡ ಹೋಟೆಲ್ ಸಮೂಹಗಳು ತಾವಾಗಿಯೇ ಇಂಥ ಸಾಧನ ಕೊಡುವುದಾಗಿ ಭರವಸೆ ನೀಡಿದವು. ಇದರ ಹಿಂದೆ ಇದ್ದದ್ದು ಕೋಣೆ ಸ್ವಚ್ಛ ಮಾಡುವ ಹೆಂಗಸರು ಮತ್ತು ಅವರ ಕಾರ್ಮಿಕ ಸಂಘಟನೆ. ಅವರ ಕೈಯಲ್ಲಿ ಹುದ್ದೆಯಿರಲಿಲ್ಲ, ಒಗ್ಗಟ್ಟಿತ್ತು.

ಅದೇ ಹೆಂಗಸರ ಇನ್ನೊಂದು ದೂರನ್ನೂ ಕೇಳಬೇಕು. ಮೊದಲು ಒಂದು ಮಹಡಿಯ ಕೋಣೆಗಳನ್ನು ಸಾಲಾಗಿ ಮುಗಿಸುತ್ತಿದ್ದವರಿಗೆ ಈಗ ಮುಂದಿನ ಕೋಣೆ ಯಾವುದೆಂದು ಆ್ಯಪ್ ಹೇಳುತ್ತದೆ. ಬೇಗ ಬರುವ ಅತಿಥಿಯ ಕೋಣೆ ಮೊದಲು ಸಿದ್ಧವಾಗಬೇಕು ಎಂಬುದೇ ಅದರ ಲೆಕ್ಕ. ಹೀಗಾಗಿ ಭಾರದ ಗಾಡಿ ತಳ್ಳಿಕೊಂಡು ಮೂರನೇ ಮಹಡಿಯಿಂದ ಒಂಬತ್ತಕ್ಕೆ, ಮತ್ತೆ ಐದಕ್ಕೆ ಓಡಾಟ. ಈ ಆ್ಯಪ್ ತಯಾರಿಸುವ ಕಂಪನಿಗೆ ನಾಳೆ ಮಹಿಳಾ ಸಿಇಒ ಬಂದರೆ ಲೆಕ್ಕ ಬದಲಾಗುತ್ತದೆಯೇ? ಹೂಡಿಕೆದಾರರು ಆಕೆಯನ್ನೂ ಕೇಳುವುದು ಕೋಣೆ ಎಷ್ಟು ಬೇಗ ಸಿದ್ಧವಾಯಿತು ಎಂದೇ. ಒಂದೇ ಮಹಡಿಯಲ್ಲಿ ಮುಗಿಸಿದರೆ ಬೆನ್ನು ಉಳಿಯುತ್ತದೆ ಎಂದು ಬಲ್ಲವಳು ಆ ಸಭೆಯಲ್ಲಿ ಇರುವುದಿಲ್ಲ. ಎಂಜಿನಿಯರಿಂಗ್ ಓದಿ ಬಂದ ಮಹಿಳೆಯೂ ಗಾಡಿ ತಳ್ಳುವ ಮಹಿಳೆಯೂ ಒಂದೇ ಅನುಭವ ಹೊತ್ತಿದ್ದಾರೆ ಎಂದು ಪರ ವಾದ ನಂಬಿದಂತಿದೆ. ಅದು ಎಡವುವುದು ಅಲ್ಲೇ.

ನಾರ್ವೆಯ ಪಾಠವನ್ನೂ ಮರೆಯಬಾರದು. ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳಲ್ಲಿ ಶೇ 40ರಷ್ಟು ಮಹಿಳೆಯರಿರಬೇಕೆಂದು ಅಲ್ಲಿ 2003ರಲ್ಲಿ ಕಾನೂನು ಬಂತು. ಅರ್ಥಶಾಸ್ತ್ರಜ್ಞೆ ಮರಿಯಾನ್ ಬರ್ಟ್ರಾಂಡ್ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ, ಮಂಡಳಿಯೊಳಗೆ ಬಂದವರ ಸ್ಥಿತಿ ಸುಧಾರಿಸಿತು, ಆದರೆ ಅದೇ ಕಂಪನಿಗಳಲ್ಲಿ ಕೆಳಗಿದ್ದ ಮಹಿಳೆಯರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ ಎಂದು ಕಂಡುಕೊಂಡರು.

ಪರ ವಾದ ಮೆಚ್ಚಿದ ಟ್ರಿಪ್.ಕಾಮ್ ನನಗೂ ಮೆಚ್ಚುಗೆಯೇ, ಕಾರಣ ಮಾತ್ರ ಬೇರೆ. ಆ ಕಂಪನಿ 1,612 ಉದ್ಯೋಗಿಗಳ ಮೇಲೆ ಪ್ರಯೋಗವೊಂದನ್ನು ನಡೆಸಿತು. ಕೆಲವರಿಗೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ, ಉಳಿದವರಿಗೆ ಐದೂ ದಿನ ಕಚೇರಿ. ಫಲಿತಾಂಶ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು: ಮನೆಯಿಂದ ಕೆಲಸ ಮಾಡಿದವರಲ್ಲಿ ರಾಜೀನಾಮೆ ಮೂರನೇ ಒಂದರಷ್ಟು ಇಳಿಯಿತು, ಕೆಲಸದ ಗುಣಮಟ್ಟ ಕುಗ್ಗಲಿಲ್ಲ. ಹೆಚ್ಚು ಪ್ರಯೋಜನವಾದವರಲ್ಲಿ ಮಹಿಳೆಯರಿದ್ದರು. ಅಧ್ಯಯನದ ಲೇಖಕರಲ್ಲಿ ಒಬ್ಬರು ಕಂಪನಿಯ ಅಧ್ಯಕ್ಷ ಜೇಮ್ಸ್ ಲಿಯಾಂಗ್, ಪುರುಷ. ಮಹಿಳೆಯರನ್ನು ಕೆಲಸದಲ್ಲಿ ಉಳಿಸಿದ್ದು ಅಳೆದು ನೋಡುವ ಮನಸ್ಸು.

ಶಾಸನಕ್ಕೆ ಶಕ್ತಿ ಹಾಕುವುದಾದರೆ ಹೀಗೆ ಹಾಕಿ. ಪ್ರತಿ ಹುದ್ದೆಯ ವೇತನವನ್ನು ಗಂಡು-ಹೆಣ್ಣು ಎಂದು ಬೇರ್ಪಡಿಸಿ ಪ್ರಕಟಿಸುವುದು ಕಡ್ಡಾಯವಾಗಲಿ. ರಿಸೆಪ್ಷನ್, ಹೌಸ್‌ಕೀಪಿಂಗ್, ಕಾಲ್ ಸೆಂಟರ್‌ಗಳಲ್ಲಿರುವ ಮಹಿಳೆಯರಿಗೆ ಸಂಬಳ ಸಹಿತ ರಜೆ ಕೊಟ್ಟು ದತ್ತಾಂಶ, ಪ್ರೋಗ್ರಾಮಿಂಗ್ ಕಲಿಸುವ ಹೊಣೆ ಕಂಪನಿಯದ್ದಾಗಲಿ. ಹೊಸ ತಂತ್ರಾಂಶ ಬರುವ ಮುನ್ನ ಅದನ್ನು ದಿನವಿಡೀ ಬಳಸಬೇಕಾದವರು ಪರೀಕ್ಷಿಸಲಿ, ಬೇಡವೆನ್ನುವ ಹಕ್ಕೂ ಅವರಿಗಿರಲಿ.